ಮಲೆನಾಡಿನಿಂದ ಸಿಂಹರಾಜದ ಕಾಡಿಗೆ: ಹಕ್ಕಿ ಪ್ರವಾಸದ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಪ್ರವಾಸದ ಮಾತೇ ಜಾಸ್ತಿ. ಮಳೆ ನಿಂತಿದೆ, ಗಿಡದಲ್ಲಿ ಕಾಫಿ ಹಣ್ಣಾಗುತ್ತಿದೆ, ಕೊಯ್ಲು ಮುಗಿದ ಮೇಲೆ ಎಲ್ಲಿಗೆ ಹೋಗೋಣ ಎಂಬ ಲೆಕ್ಕ ಮನೆಮನೆಯಲ್ಲೂ ಶುರುವಾಗಿದೆ. ಒಂದು ಪತ್ರಕ್ಕೆ ಉದ್ದಕ್ಕೆ ಉತ್ತರ ಬರೆದಿದ್ದೇನೆ. ಉಳಿದ ಕೆಲವರ ಪ್ರಶ್ನೆಗೂ ಅದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಪ್ರಶ್ನೆ: ಟೀಚರ್, ನಮಸ್ತೆ. ಮೂಡಿಗೆರೆ ಹತ್ತಿರ ನಮ್ಮದೊಂದು ಕಾಫಿ ತೋಟ ಇದೆ, ಅರೇಬಿಕಾನೇ ಜಾಸ್ತಿ. ಮಗಳು ಎಂಟನೇ ಕ್ಲಾಸು. ಅವಳಿಗೆ ಹಕ್ಕಿ ಅಂದರೆ ಪ್ರಾಣ. ಮೊದಲ ಸಲ ಹೊರದೇಶಕ್ಕೆ ಹೋಗೋಣ, ಅದೂ ಹಕ್ಕಿ ನೋಡೋದಕ್ಕೇ ಹೋಗೋಣ ಅಂದುಕೊಂಡಿದ್ದೇವೆ. ಒಂಬತ್ತು-ಹತ್ತು ದಿನ ಸಿಗುತ್ತದೆ. ಯಜಮಾನರು ಥಾಯ್ಲೆಂಡ್ ಅನ್ನುತ್ತಾರೆ. ಮಗಳು ಕೋಸ್ಟರೀಕಾ ಅನ್ನುತ್ತಾಳೆ, 300 ಜಾತಿ ನೋಡಲೇಬೇಕಂತೆ. ಯಾವ ದೇಶ, ಯಾವ ತಿಂಗಳು, ಎಲ್ಲೆಲ್ಲಿ ಉಳಿಯಬೇಕು? ನೀವು ಹೇಳಿದ ಹಾಗೆ ಮಾಡುತ್ತೇವೆ.
– ಮೂಡಿಗೆರೆಯ ಓದುಗರು

ಉತ್ತರ: ಶ್ರೀಲಂಕಾಕ್ಕೆ ಹೋಗಿ. ಹತ್ತಿರ, ಖರ್ಚು ಕಡಿಮೆ ಎನ್ನುವುದು ಇದ್ದೇ ಇದೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೆ. ನೀವು ಮೂಡಿಗೆರೆಯಿಂದ ಬೆಂಗಳೂರು ಮುಟ್ಟೋದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೆ ನಾನು ಹೇಳುವ ಕಾರಣ ಬೇರೆ. ಮಲೆನಾಡಿನ ಹುಡುಗಿಗೆ ಶ್ರೀಲಂಕಾದ ಕಾಡು ತೆರೆದುಕೊಳ್ಳುವಷ್ಟು ಬೇರೆ ಯಾವ ದೇಶದ ಕಾಡೂ ತೆರೆದುಕೊಳ್ಳುವುದಿಲ್ಲ.

ಯಾಕೆ ಅಂದರೆ, ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ಸೇರಿಸಿ ಒಂದೇ ಜೀವವೈವಿಧ್ಯದ ತಾಣ ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಹಿಮಯುಗಗಳಲ್ಲಿ ಸಮುದ್ರದ ನೀರು ಇಳಿದಾಗ ಎರಡರ ನಡುವೆ ನೆಲವೇ ಇತ್ತು. ನೀರು ಮತ್ತೆ ಏರಿತು, ಆ ಕಡೆಯವು ಆ ಕಡೆ, ಈ ಕಡೆಯವು ಈ ಕಡೆ ಉಳಿದವು. ದ್ವೀಪದಲ್ಲಿ ಉಳಿದವು ತಮ್ಮದೇ ದಾರಿಯಲ್ಲಿ ಬದಲಾದವು. ಅಲ್ಲಿ ದಾಖಲಾಗಿರುವುದು 450ಕ್ಕೂ ಹೆಚ್ಚು ಜಾತಿಯ ಹಕ್ಕಿ. ಅದರಲ್ಲಿ 30ಕ್ಕೂ ಹೆಚ್ಚು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಆ ಮೂವತ್ತು ಚಿಲ್ಲರೆಯಲ್ಲಿ ಬಹಳಷ್ಟಕ್ಕೆ ನಮ್ಮ ತೋಟದಲ್ಲೇ ನೆಂಟರಿದ್ದಾರೆ.

ನೋಡಿ, ನಿಮ್ಮ ತೋಟದ ಸಿಲ್ವರ್ ಮರದಲ್ಲಿ ದಿನಾ ಕೂಗುವ ಕುಟ್ರು ಹಕ್ಕಿ ಅಲ್ಲಿಲ್ಲ. ಅದರ ಜಾಗದಲ್ಲಿ ಹಳದಿ ಹಣೆಯ ಕುಟ್ರು ಇದೆ. ಕೂಗಿನ ವರಸೆ ಕೇಳಿದ ಕೂಡಲೇ ನಿಮ್ಮ ಮಗಳು ತಲೆ ಎತ್ತುತ್ತಾಳೆ, ಬರೆದಿಟ್ಟುಕೊಳ್ಳಿ. ನಮ್ಮ ಬೂದು ಕಾಡುಕೋಳಿಗೆ ಅಲ್ಲಿ ಕೆಂಪು-ಕಿತ್ತಳೆ ಬಣ್ಣದ ನೆಂಟ, ಕೆಂಪು ಜುಟ್ಟಿನ ನಡುವೆ ಹಳದಿ ಪಟ್ಟೆ. ಅದು ಶ್ರೀಲಂಕಾದ ರಾಷ್ಟ್ರಪಕ್ಷಿ. ನಮ್ಮ ಮಲಬಾರ್ ಬೂದು ಮಂಗಟ್ಟೆಗೆ ಅಲ್ಲೊಂದು ಬೂದು ಮಂಗಟ್ಟೆ, ಎರಡಕ್ಕೂ ಕೊಕ್ಕಿನ ಮೇಲೆ ಕಿರೀಟ ಇಲ್ಲ. ನೀಲಿ ರೆಕ್ಕೆಯ ಗಿಳಿ, ಚಿಟ್ಟು ಗಿಳಿ, ನೀಲಗಿರಿ ಕಾಡು ಪಾರಿವಾಳ, ಎಲ್ಲಕ್ಕೂ ಅಲ್ಲಿ ಜೋಡಿ ಇದೆ. ಕೋಸ್ಟರೀಕಾದಲ್ಲಿ 900ಕ್ಕೂ ಹೆಚ್ಚು ಜಾತಿ ಇವೆ, ನಿಜ. ಆದರೆ ಹೋಗೋದಕ್ಕೇ ಒಂದು ದಿನಕ್ಕಿಂತ ಜಾಸ್ತಿ ಬೇಕು, ಬರೋದಕ್ಕೂ ಅಷ್ಟೇ. ಹೋಗಿ ನಿಂತರೆ ಕಣ್ಣ ಮುಂದೆ ಹಾರುವ ಒಂದೊಂದೂ ಹೊಸದು. ಮೊದಲ ನಾಲ್ಕು ದಿನ ಹೆಸರು ಹುಡುಕುವುದರಲ್ಲೇ ಕಳೆಯುತ್ತದೆ. ಥಾಯ್ಲೆಂಡ್ ಒಳ್ಳೆಯ ಜಾಗವೇ. ಅಲ್ಲಿನ ಕೆಂಗ್ ಕ್ರಾಚಾನ್ ಕಾಡು, ಡೋಯ್ ಇಂತಾನೋನ್ ಬೆಟ್ಟ ಎರಡನ್ನೂ ಹಕ್ಕಿ ನೋಡುವವರು ಬಿಡುವುದಿಲ್ಲ. ಅದು ಎರಡನೇ ಪ್ರವಾಸಕ್ಕಿರಲಿ.

ಈಗ ತಿಂಗಳು. ಶ್ರೀಲಂಕಾಕ್ಕೆ ಎರಡು ಮಳೆಗಾಲ. ನೈಋತ್ಯ ಮುಂಗಾರು ಮೇಯಿಂದ ಸೆಪ್ಟೆಂಬರ್‌ವರೆಗೆ ಅದರ ತೆಂಕಣ-ಪಡುವಣ ಭಾಗವನ್ನು ತೋಯಿಸುತ್ತದೆ. ನೀವು ಹೋಗಬೇಕಾದ ಮಳೆಕಾಡು, ಬೆಟ್ಟ ಎಲ್ಲ ಇರುವುದು ಅಲ್ಲೇ. ಈಶಾನ್ಯ ಮಾರುತ ವರ್ಷದ ಕೊನೆಗೆ ಬಂದು ಮೂಡಣ, ಬಡಗಣ ಭಾಗಕ್ಕೆ ಮಳೆ ಕೊಡುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮಳೆಕಾಡಿನ ಕಡೆ ಮಳೆ ಕಡಿಮೆ. ಉತ್ತರದಿಂದ ವಲಸೆ ಬಂದ ಹಕ್ಕಿಗಳೂ ಇನ್ನೂ ಹೊರಟಿರುವುದಿಲ್ಲ. ನಿಮ್ಮ ಅರೇಬಿಕಾ ಕೊಯ್ಲು ಜನವರಿಯ ಹೊತ್ತಿಗೆ ಮುಗಿಯುತ್ತದೆ ಅಲ್ವಾ? ಹಾಗಾದರೆ ಫೆಬ್ರವರಿ ಎರಡನೇ ವಾರ ಹೊರಡಿ. ಕಾಫಿ ಹೂ ಬಿಡಿಸುವ ಮಳೆಯ ಹೊತ್ತಿಗೆ ತೋಟಕ್ಕೆ ವಾಪಸ್ ಬಂದಿರುತ್ತೀರಿ. ಇರುವ ಸ್ವಲ್ಪ ರೋಬಸ್ಟಾಕ್ಕೆ ನೀರು ಹೊಡೆಸುವ ಕೆಲಸವನ್ನು ತೋಟ ನೋಡಿಕೊಳ್ಳುವ ರೈಟರಿಗೆ ಒಪ್ಪಿಸಿ ಹೋಗಬಹುದು.

ಸ್ಕೂಲು? ಎಂಟನೇ ಕ್ಲಾಸಿಗೆ ಒಂದು ವಾರ ರಜೆ ಕೇಳಿ. ವರ್ಷಗಟ್ಟಲೆ ಹಾಜರಿ ಪುಸ್ತಕ ಹಿಡಿದವಳಾಗಿ ಹೇಳುತ್ತಿದ್ದೇನೆ, ಆ ವಾರದಲ್ಲಿ ಅವಳು ಕಲಿಯುವುದು ವಿಜ್ಞಾನದ ಪಾಠವೇ. ಸ್ಕೂಲಿನವರು ಒಪ್ಪದಿದ್ದರೆ ಪರೀಕ್ಷೆ ಮುಗಿದ ಕೂಡಲೇ, ಅಂದರೆ ಮಾರ್ಚ್ ಕೊನೆಗೆ ಹೋಗಿ. ಅಲ್ಲಿಯದೇ ಆದ ಹಕ್ಕಿಗಳು ವರ್ಷಪೂರ್ತಿ ಇರುತ್ತವೆ, ವಲಸೆಯವು ಮಾತ್ರ ಕಡಿಮೆಯಾಗುತ್ತವೆ. ಏಪ್ರಿಲ್ ಮಧ್ಯಕ್ಕೆ ಮಾತ್ರ ಹೋಗಬೇಡಿ. 13, 14ನೇ ತಾರೀಕಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿ ಮುಚ್ಚಿರುತ್ತದೆ, ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ, ಬೆಟ್ಟದ ಮೇಲಿನ ಊರು ನುವರ ಎಲಿಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹುಣ್ಣಿಮೆಯ ದಿನವೂ ಅಲ್ಲಿ ಸರ್ಕಾರಿ ರಜೆ. ಅವತ್ತು ಪಾರ್ಕ್‌ಗಳಲ್ಲಿ ಜನ ಜಾಸ್ತಿ. ಕ್ಯಾಲೆಂಡರ್ ನೋಡಿಕೊಂಡು ಹುಣ್ಣಿಮೆಯನ್ನು ಪ್ರಯಾಣದ ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ಜಾಗ. ನಾಲ್ಕೇ ಕಡೆ ಉಳಿಯಿರಿ. ಟ್ರಾವೆಲ್ಸ್‌ನವರು ಒಂಬತ್ತು ರಾತ್ರಿಗೆ ಏಳು ಊರು ಹಾಕಿಕೊಡುತ್ತಾರೆ. ಸಿಗಿರಿಯ ಬಂಡೆ, ಯಾಲ ಪಾರ್ಕಿನ ಚಿರತೆ ಎಲ್ಲ ಸೇರಿಸುತ್ತಾರೆ. ಬೇಡ ಅನ್ನಿ. ಅಲ್ಲಿಯ ಬೆಟ್ಟದ ರಸ್ತೆಯಲ್ಲಿ ನೂರು ಕಿಲೋಮೀಟರ್ ಅಂದರೆ ಮೂರು ಗಂಟೆ, ಕೆಲವು ಕಡೆ ಇನ್ನೂ ಜಾಸ್ತಿ. ನಮ್ಮ ಚಾರ್ಮಾಡಿ, ಶಿರಾಡಿ ಓಡಾಡಿದವರಿಗೆ ಇದು ಹೇಳಬೇಕಾಗಿಲ್ಲ. ದಿನಾ ಗಾಡಿಯಲ್ಲಿ ಕೂತರೆ ಬೆಳಗಿನ ಆರರಿಂದ ಒಂಬತ್ತರ ಹೊತ್ತು ಕೈತಪ್ಪುತ್ತದೆ. ಹಕ್ಕಿ ನೋಡುವವರಿಗೆ ಇರುವುದೇ ಆ ಹೊತ್ತು.

ಮೊದಲ ಎರಡು ರಾತ್ರಿ ಕಿತುಲ್ಗಲ. ಕೆಳನಿ ಗಂಗೆಯ ದಡದ ಊರು. ಜನ ಅಲ್ಲಿಗೆ ರ‍್ಯಾಫ್ಟಿಂಗ್‌ಗೆ ಹೋಗುತ್ತಾರೆ. ಹೊಳೆಯ ಆಚೆ ಮಾಕಂದಾವ ಎಂಬ ಕಾಡಿದೆ. ಪ್ರಯಾಣದ ಸುಸ್ತು ಅಲ್ಲಿ ಕಳೆಯುತ್ತದೆ, ಕಿವಿ ಹೊಸ ಕೂಗುಗಳಿಗೆ ಹೊಂದಿಕೊಳ್ಳುತ್ತದೆ. ಮಗಳಿಗೆ ಇಲ್ಲಿಯ ಒಂದು ಕತೆ ಹೇಳಿ. 1995ರಲ್ಲಿ ದೀಪಲ್ ವರಕಗೊಡ ಎಂಬ ಅಲ್ಲಿಯ ಪಕ್ಷಿತಜ್ಞರಿಗೆ ಈ ಕಾಡಿನಲ್ಲಿ ರಾತ್ರಿ ಒಂದು ಕೂಗು ಕೇಳಿಸಿತು. ಯಾವ ಹಕ್ಕಿಯದು ಎಂದು ಯಾರಿಗೂ ಗೊತ್ತಿರಲಿಲ್ಲ. ಅವರು ಬಿಡಲಿಲ್ಲ. 2001ರಲ್ಲಿ ಸಿಂಹರಾಜದ ಮಳೆಕಾಡಿನಲ್ಲಿ ಆ ಹಕ್ಕಿಯನ್ನು ಕಣ್ಣಾರೆ ಕಂಡರು. ಚಿಕ್ಕ ಕಂದು ಗೂಬೆ. 2004ರಲ್ಲಿ ಅದು ವಿಜ್ಞಾನಕ್ಕೆ ಹೊಸ ಜಾತಿ ಎಂದು ಪ್ರಕಟವಾಯಿತು. ಸೆರೆಂಡಿಬ್ ಗೂಬೆ ಎಂದು ಹೆಸರು. ಬರೀ ಕಿವಿ ನಂಬಿ ಆರು ವರ್ಷ ಹುಡುಕಿದರು!

ಆಮೇಲೆ ಎರಡು ರಾತ್ರಿ ನುವರ ಎಲಿಯ. ಸುತ್ತ ಟೀ ತೋಟ. ಎತ್ತರ 1,850 ಮೀಟರ್ ದಾಟುತ್ತದೆ, ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಊರು ಕಟ್ಟಿದ ಲೆಕ್ಕ. ಅಲ್ಲಿಂದ ಒಂದು ಬೆಳಗ್ಗೆ ಹಾರ್ಟನ್ ಪ್ಲೇನ್ಸ್ ಎಂಬ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಬೇಕು. ನಸುಕಿಗೆ, ಐದು ಗಂಟೆಗೆ ಮುಂಚೆಯೇ ಹೊರಡಿ. ಫೆಬ್ರವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ದಿನಗಳೂ ಇರುತ್ತವೆ. ಸ್ವೆಟರು, ಕಿವಿ ಮುಚ್ಚುವ ಟೋಪಿ ಇಲ್ಲದೆ ಹೋಗಬೇಡಿ. ದಾರಿ ಪಕ್ಕ ಒಂದು ಸಣ್ಣ ಕೊಳ ಇದೆ. ಹಕ್ಕಿ ನೋಡುವವರೆಲ್ಲ ಬೆಳಕು ಹರಿಯುವ ಮೊದಲು ಅಲ್ಲಿ ನಿಲ್ಲುತ್ತಾರೆ, ಶ್ರೀಲಂಕಾದ ಸಿಳ್ಳಾರಕ್ಕಾಗಿ.

ನಮ್ಮ ಸಿಳ್ಳಾರ ನಿಮಗೆ ಗೊತ್ತು. ಮುಂಗಾರು ಶುರುವಾದರೆ ಹಳ್ಳದ ಬಂಡೆ ಮೇಲೆ ಕೂತು ಮನುಷ್ಯರ ಹಾಗೆ ಶಿಳ್ಳೆ ಹಾಕುವ ದೊಡ್ಡ ನೀಲಿ ಹಕ್ಕಿ. ಅಲ್ಲಿಯದು ಸಣ್ಣದು, ಬಹಳ ನಾಚಿಕೆಯದು. ಮೈ ಕಡು ನೀಲಿ, ಕತ್ತಲಲ್ಲಿ ಕಪ್ಪೇ ಅನಿಸುತ್ತದೆ. ಹೆಗಲ ಮೇಲೆ ಮಾತ್ರ ಒಂದು ಹೊಳೆಯುವ ನೀಲಿ ಮಚ್ಚೆ. ಹೆಣ್ಣು ಕಂದು ಬಣ್ಣ. ಹಾಡಿಗೆ ಕಾಯಬೇಡಿ. ತೆಳ್ಳಗೆ, ಚೂಪಾಗಿ ಒಂದು ಸೀಟಿ ಬರುತ್ತದೆ. ಆ ಕಡೆ ತಿರುಗಿ ಪೊದೆಯ ಬುಡ ನೋಡಬೇಕು, ಮೇಲಲ್ಲ. ಹತ್ತು ನಿಮಿಷ ಸಿಕ್ಕರೆ ನಿಮ್ಮ ಪುಣ್ಯ. ಬೆಳಕು ಬಂತೆಂದರೆ ಒಳಗೆ ಹೋಗಿಬಿಡುತ್ತದೆ. ಗಾಡಿಯ ಬಾಗಿಲು ಧಡ್ ಎಂದು ಹಾಕುವ ಒಬ್ಬರಿದ್ದರೆ ಸಾಕು, ಎಲ್ಲರಿಗೂ ತಪ್ಪುತ್ತದೆ. ಇದನ್ನು ಡ್ರೈವರಿಗೆ ಹಿಂದಿನ ರಾತ್ರಿಯೇ ಹೇಳಿ.

ಮೂರನೆಯದು ಕೆಳಗಿನ ಒಣನಾಡು, ತಿಸ್ಸಮಹಾರಾಮ, ಎರಡು ರಾತ್ರಿ. ಯಾಲ ಬಿಟ್ಟು ಬುಂದಲಕ್ಕೆ ಹೋಗಿ. ಯಾಲದಲ್ಲಿ ಒಂದು ಚಿರತೆಗೆ ಸಾಲುಗಟ್ಟಿ ಜೀಪು. ಬುಂದಲದಲ್ಲಿ ಉಪ್ಪಿನ ಗದ್ದೆ, ಲಗೂನು, ಸಾವಿರಾರು ಕಿಲೋಮೀಟರ್ ಹಾರಿಬಂದ ಸಣ್ಣ ಸಣ್ಣ ಕಡಲ ಹಕ್ಕಿಗಳು. ಜಗತ್ತಿನ ಮುಖ್ಯ ಜೌಗುಗಳ ರಾಮ್‌ಸರ್ ಪಟ್ಟಿಗೆ ಶ್ರೀಲಂಕಾದಿಂದ ಮೊದಲು ಸೇರಿದ ಜೌಗು ಇದು, 1990ರಲ್ಲಿ. ಬೆಟ್ಟದವರಾದ ನಮಗೆ ಇವುಗಳ ಪರಿಚಯ ಕಡಿಮೆ. ಎಲ್ಲ ಬೂದು, ಎಲ್ಲ ಒಂದೇ ಥರ ಕಾಣುತ್ತವೆ. ಗೈಡ್ ಹೇಳಿದ್ದನ್ನು ಬರೆದುಕೊಂಡರೆ ಸಾಕು.

ಉಳಿದ ಮೂರು ರಾತ್ರಿ ಪೂರ್ತಿ ಸಿಂಹರಾಜಕ್ಕೆ. ಕುಡಾವ ಕಡೆಯ ಬಾಗಿಲ ಹತ್ತಿರ ಉಳಿಯಿರಿ. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಇಲ್ಲಿ ಮರ ಕಡಿಯಲು ಶುರು ಮಾಡಿದ್ದರು. ಜನ ಎದ್ದುನಿಂತರು, ಕಡಿಯುವುದು ನಿಂತಿತು. 1988ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅಂದು ಮರ ಸಾಗಿಸಲು ಮಾಡಿದ ರಸ್ತೆಯೇ ಈಗ ನೀವು ನಡೆಯುವ ದಾರಿ. ಅಗಲವಾಗಿದೆ, ಎರಡೂ ಕಡೆ ಕಾಡಿನ ಅಂಚು ಕಾಣುತ್ತದೆ.

ಅಲ್ಲಿ ಒಂದು ಸಂಗತಿಗೆ ತಯಾರಾಗಿ ಹೋಗಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಡಿನಲ್ಲಿ ಒಂದು ಹಕ್ಕಿಯೂ ಕಾಣುವುದಿಲ್ಲ. ಮಗಳ ಮುಖ ಸಪ್ಪಗಾಗುತ್ತದೆ. ಆಗ ದೂರದಲ್ಲಿ ಕಲಕಲ ಶುರು. ಮೊದಲು ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು, ಒಂದರ ಹಿಂದೆ ಒಂದು, ಬಳ್ಳಿಯಿಂದ ಬಳ್ಳಿಗೆ. ಜೊತೆಗೆ ಜುಟ್ಟಿನ ಕಾಜಾಣ. ಹಿಂದೆಯೇ ಮರಕುಟಿಗ, ಮೇಲಿನ ಕೊಂಬೆಯಲ್ಲಿ ಕೆಂಪು ಮುಖದ ಮಲ್ಕೋಹ, ನೀಲಿ-ಕಂದು ಬಣ್ಣದ ಉದ್ದ ಬಾಲದ ಮ್ಯಾಗ್‌ಪೈ. ಮದುವೆ ದಿಬ್ಬಣ ಬಂದ ಹಾಗೆ ಬರುತ್ತವೆ. ಹತ್ತು-ಹನ್ನೆರಡು ಜಾತಿ, ನಲವತ್ತರ ಆಸುಪಾಸು ಹಕ್ಕಿ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ದಾಟಿ ಹೋಗುತ್ತವೆ. ಶ್ರೀಲಂಕಾದ ಸರತ್ ಕೊಟಗಾಮ ಮತ್ತು ಅವರ ಜೊತೆಯವರು ಈ ಗುಂಪುಗಳನ್ನು ವರ್ಷಗಟ್ಟಲೆ ನೋಡಿದ್ದಾರೆ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಅವುಗಳನ್ನು ಗುಂಪಿಗೆ ಸೆಳೆಯುತ್ತದೆ ಎಂದು ತೋರಿಸಿದ್ದಾರೆ. ನಮ್ಮ ಭೀಮರಾಜನೂ ಕಂಡಕಂಡವರ ದನಿ ತೆಗೆಯುತ್ತಾನಲ್ಲ, ಅದೇ ಕುಲ.

ಗುಂಪು ಬಂದಾಗ ಕ್ಯಾಮೆರಾಕ್ಕೆ ಕೈ ಹಾಕಬಾರದು, ಪುಸ್ತಕ ತೆಗೆಯಬಾರದು. ಒಂದು ಹಕ್ಕಿ ಹಿಡಿದು ಅದು ಮರೆಯಾಗುವವರೆಗೆ ಅದನ್ನೇ ನೋಡಬೇಕು, ಆಮೇಲೆ ಇನ್ನೊಂದು. ಎಲ್ಲ ಒಂದೇ ಸಲ ನೋಡಲು ಹೋದರೆ ಒಂದೂ ಉಳಿಯುವುದಿಲ್ಲ. ಮೂರು ರಾತ್ರಿ ಯಾಕೆ ಎಂದರೆ ಇದಕ್ಕೇ. ಮೊದಲ ದಿನ ತಪ್ಪಿದ್ದು ಮೂರನೇ ದಿನ ಸಿಗುತ್ತದೆ.

ಇದಕ್ಕೆ ಅಭ್ಯಾಸ ನಿಮ್ಮ ತೋಟದಲ್ಲೇ ಮಾಡಬಹುದು. ಚಳಿಗಾಲದಲ್ಲಿ ನಮ್ಮ ಕಾಫಿ ತೋಟದ ನೆರಳು ಮರಗಳಲ್ಲೂ ಇಂಥ ಗುಂಪು ಓಡಾಡುತ್ತವೆ. ದಿನಾ ಬೆಳಗ್ಗೆ ಅರ್ಧ ಗಂಟೆ ಮಗಳನ್ನು ತೋಟಕ್ಕೆ ಕಳಿಸಿ. ಕಣ್ಣು ಮುಚ್ಚಿ ಎಷ್ಟು ಕೂಗು ಗುರುತು ಹಿಡಿಯುತ್ತಾಳೆ ಎಂದು ಬರೆಯಲಿ. ನೋಟ್ ಬುಕ್ಕಿನ ಎಡ ಪುಟದಲ್ಲಿ ನಮ್ಮ ಹಕ್ಕಿ. ಬಲ ಪುಟ ಖಾಲಿ ಬಿಡಲಿ, ಅಲ್ಲಿಯ ನೆಂಟನಿಗೆ. ಹತ್ತು ದಿನದಲ್ಲಿ 300 ಜಾತಿ ಆಗುವುದಿಲ್ಲ, ಈಗಲೇ ಹೇಳಿಬಿಡಿ. ಬಲ ಪುಟಗಳು ತುಂಬಿದರೆ ಪ್ರವಾಸ ಗೆದ್ದ ಹಾಗೆ.

ಕೆಲಸದ ಮಾತು ಸ್ವಲ್ಪ. ಪಾಸ್‌ಪೋರ್ಟ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಮಗಳದಕ್ಕೆ ತಂದೆ-ತಾಯಿ ಇಬ್ಬರ ಒಪ್ಪಿಗೆ ಬೇಕು. ಶ್ರೀಲಂಕಾದ ಪ್ರವೇಶ ಅನುಮತಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಅಲ್ಲಿಯ ಸರ್ಕಾರದ ತಾಣದಲ್ಲೇ ನೋಡಿ. ಸುಮ್ನೆ ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಪಾರ್ಕ್‌ಗಳಲ್ಲಿ ಹೊರದೇಶದವರಿಗೆ ಟಿಕೆಟ್ ದುಬಾರಿ. ಸಾರ್ಕ್ ದೇಶದವರಿಗೆ ಬೇರೆ ದರ ಇದೆಯಾ ಎಂದು ಪಾಸ್‌ಪೋರ್ಟ್ ತೋರಿಸಿ ಕೇಳಿ. ಕಾರಿನ ಜೊತೆ ಡ್ರೈವರ್ ಗೊತ್ತು ಮಾಡಿಕೊಳ್ಳುವುದು ಅಲ್ಲಿಯ ರೂಢಿ. ಹಕ್ಕಿ ಗೊತ್ತಿರುವ, ಅಲ್ಲಿಯ ಪ್ರವಾಸೋದ್ಯಮ ಪ್ರಾಧಿಕಾರದ ಲೈಸೆನ್ಸ್ ಇರುವ ಗೈಡ್ ಸಿಕ್ಕರೆ ಉಳಿದ ಖರ್ಚು ಕಡಿಮೆ ಮಾಡಿಯಾದರೂ ಅವರಿಗೆ ಕೊಡಿ. ಟೀ ತೋಟದ ಕಡೆ ತಮಿಳು ಧಾರಾಳ ನಡೆಯುತ್ತದೆ. ನಿಮ್ಮ ತೋಟದ ಲೈನ್ ಮನೆಯ ಕೆಲಸಗಾರರ ಜೊತೆ ಆಡುವಷ್ಟು ತಮಿಳು ಬಂದರೂ ಸಾಕು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾ ಮುಕ್ತ ಎಂದು ಘೋಷಿಸಿದೆ. ಡೆಂಗೆ ಇದೆ, ಹಗಲೂ ಸೊಳ್ಳೆ ಮುಲಾಮು ಹಚ್ಚಿಕೊಳ್ಳಿ.

ಇಂಬಳಕ್ಕೆ ನೀವು ಹೆದರುವವರಲ್ಲ, ಗೊತ್ತು. ಆದರೂ ಇಂಬಳದ ಕಾಲುಚೀಲ ಮೂರು ಜೊತೆ ಹೊಲಿಸಿಕೊಂಡು ಹೋಗಿ. ದಪ್ಪ ಕಾಟನ್ ಬಟ್ಟೆ, ಮಂಡಿವರೆಗೆ, ಮೇಲೆ ಲಾಡಿ. ಅದರ ಮೇಲೆ ಹೊಗೆಸೊಪ್ಪಿನ ನೀರು ಹಚ್ಚಿದರೆ ಸಾಕು.

ಪ್ರಶ್ನೆ: ನನಗೆ 67 ವರ್ಷ, ಬ್ಯಾಂಕಿನಿಂದ ನಿವೃತ್ತ. ಮಂಡಿ ನೋವಿದೆ, ಕನ್ನಡಕ ಇದೆ. ಮಗ ದುರ್ಬೀನು ಕೊಡಿಸುತ್ತೇನೆ, ನೀವಿಬ್ಬರೂ ಶ್ರೀಲಂಕಾಕ್ಕೋ ಕೀನ್ಯಾಕ್ಕೋ ಹೋಗಿಬನ್ನಿ ಎನ್ನುತ್ತಾನೆ. ಈ ವಯಸ್ಸಿಗೆ ಆಗುತ್ತದೆಯೇ? ಯಾವ ದುರ್ಬೀನು ತೆಗೆದುಕೊಳ್ಳಲಿ?
– ಹಾಸನದ ಓದುಗರು

ಉತ್ತರ: ಧಾರಾಳವಾಗಿ ಆಗುತ್ತದೆ ಸರ್. ಹಕ್ಕಿ ನೋಡುವುದಕ್ಕೆ ಓಡುವ ಕಾಲಿಗಿಂತ ಕೂರುವ ತಾಳ್ಮೆ ಮುಖ್ಯ, ಅದು ನಿಮ್ಮ ವಯಸ್ಸಿನವರಿಗೇ ಜಾಸ್ತಿ. ನುವರ ಎಲಿಯದ ವಿಕ್ಟೋರಿಯಾ ಪಾರ್ಕ್‌ನಲ್ಲಿ ಬೆಂಚಿನ ಮೇಲೆ ಕೂತೇ ಚಳಿಗಾಲದಲ್ಲಿ ನವರಂಗ ನೋಡಬಹುದು. ಕಾಶ್ಮೀರದ ಕಡೆ ಮರಿ ಮಾಡಿ ಚಳಿಗೆ ತೆಂಕಣಕ್ಕೆ ಇಳಿಯುವ ಕಾಶ್ಮೀರ ನೊಣಹಿಡುಕವೂ ಅಲ್ಲಿಗೆ ಬರುತ್ತದೆ. ಕೆಂಪು ಎದೆ, ಎದೆಯ ಎರಡೂ ಪಕ್ಕ ಕಪ್ಪು ಗೆರೆ. ಹಾರ್ಟನ್ ಪ್ಲೇನ್ಸ್‌ನ ಒಂಬತ್ತು ಕಿಲೋಮೀಟರಿನ ಸುತ್ತು ಬಿಟ್ಟುಬಿಡಿ, ರಸ್ತೆ ಬದಿಯಲ್ಲೇ ಹಕ್ಕಿ ಇವೆ. ಬುಂದಲದಲ್ಲಿ ಜೀಪಿನಿಂದ ಇಳಿಯುವ ಪ್ರಮೇಯವೇ ಇಲ್ಲ. ಹೋಟೆಲ್ ಬುಕ್ ಮಾಡುವಾಗ ಕೆಳಗಿನ ಅಂತಸ್ತಿನ ರೂಮು ಎಂದು ಬರೆಸಿ. ಬೆಟ್ಟದ ಕಡೆ ಲಿಫ್ಟ್ ಇಲ್ಲದ ಹೋಟೆಲ್‌ಗಳೇ ಜಾಸ್ತಿ.

ಕೀನ್ಯಾ ಅದ್ಭುತ ದೇಶ. ಆದರೆ ಅಲ್ಲಿಂದ ಭಾರತಕ್ಕೆ ವಾಪಸ್ ಬರುವಾಗ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ತೋರಿಸಬೇಕು. ಪ್ರಯಾಣಕ್ಕೆ ಹತ್ತು ದಿನ ಮುಂಚೆಯೇ ಹಾಕಿಸಿಕೊಂಡಿರಬೇಕು. 60 ದಾಟಿದವರಿಗೆ ಆ ಲಸಿಕೆ ಕೊಡುವ ಮುನ್ನ ಡಾಕ್ಟರ್ ಯೋಚಿಸುತ್ತಾರೆ. ಮೊದಲು ಅವರನ್ನು ಕೇಳಿ, ಆಮೇಲೆ ಟಿಕೆಟ್.

ದುರ್ಬೀನು 8x42 ತೆಗೆದುಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಳತೆ ಸಿಗುತ್ತದೆ. 8x42ರಲ್ಲಿ 5.25 ಮಿಲಿಮೀಟರ್, 10x42ರಲ್ಲಿ 4.2. ಮಳೆಕಾಡಿನ ಮಬ್ಬಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹತ್ತು ಪಟ್ಟಿನದರಲ್ಲಿ ಕೈ ನಡುಕವೂ ಹೆಚ್ಚಾಗಿ ಕಾಣುತ್ತದೆ. ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ ನೋಡಿ. ಕಣ್ಣಿನ ಬಟ್ಟಲನ್ನು ಒಳಕ್ಕೆ ತಿರುಗಿಸಿದಾಗ ಪೂರ್ತಿ ದುಂಡು ಕಾಣಬೇಕು, ಅಂಚು ಕತ್ತರಿಸಿದ ಹಾಗಿದ್ದರೆ ಬೇಡ. ಐ ರಿಲೀಫ್, ಅಂದರೆ ಪೂರ್ತಿ ದುಂಡು ಕಾಣುವ ಹಾಗೆ ಕಣ್ಣು ಗಾಜಿನಿಂದ ಎಷ್ಟು ದೂರ ಇರಬಹುದು ಎನ್ನುವ ಅಳತೆ, 16 ಮಿಲಿಮೀಟರ್ ಆದರೂ ಇರಲಿ. ಅಮ್ಮನವರಿಗೂ ಒಂದು ಕೊಡಿಸಲು ಮಗನಿಗೆ ಹೇಳಿ. ಒಂದೇ ದುರ್ಬೀನು ಇಬ್ಬರ ನಡುವೆ ಓಡಾಡಿದರೆ ಹಕ್ಕಿ ಇಬ್ಬರಿಗೂ ಸಿಗುವುದಿಲ್ಲ.

ಪ್ರಶ್ನೆ: ಊಟದ ಚಿಂತೆ. ನಾವು ಶುದ್ಧ ಸಸ್ಯಾಹಾರಿಗಳು. ಶ್ರೀಲಂಕಾದಲ್ಲಿ ಹತ್ತು ದಿನ ಕಳೆಯಬಹುದೇ?
– ಅರಸೀಕೆರೆಯ ಓದುಗರು

ಉತ್ತರ: ಕಳೆಯಬಹುದು. ಅನ್ನ, ಬೇಳೆ, ನಾಲ್ಕೈದು ಥರ ಪಲ್ಯ ಎಲ್ಲ ಕಡೆ ಸಿಗುತ್ತದೆ. ಒತ್ತು ಶಾವಿಗೆ ಬೆಳಗಿನ ತಿಂಡಿಗೆ ಇದ್ದೇ ಇರುತ್ತದೆ. ಒಂದು ಎಚ್ಚರ: ಕಾಯಿ ಚಟ್ನಿಯ ಹಾಗೆ ಕಾಣುವ ಪೊಲ್ ಸಂಬೋಲಕ್ಕೆ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುವುದುಂಟು. ಕಣ್ಣಿಗೆ ಕಾಣುವುದಿಲ್ಲ. ಉಂಬಲಕಡ ಇದೆಯಾ ಎಂದು ಹೆಸರು ಹಿಡಿದೇ ಕೇಳಿ. ಎಮ್ಮೆ ಮೊಸರಿನ ಮೇಲೆ ಬೈನೆ ಮರದ ಪಾಕ ಸುರಿದು ಕೊಡುತ್ತಾರೆ, ಅದನ್ನು ತಿನ್ನದೆ ಬರಬೇಡಿ.

ಪ್ರಶ್ನೆ: ಹೊಸದಾಗಿ ಕ್ಯಾಮೆರಾ ತಗೊಂಡೆ. ಸ್ನೇಹಿತರ ಜೊತೆ ಶ್ರೀಲಂಕಾಕ್ಕೆ ಹೋಗುತ್ತಿದ್ದೇನೆ. ಕಪ್ಪೆಬಾಯಿ ಹಕ್ಕಿಯ ಫೋಟೊ ಬೇಕು. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಹತ್ತಿರ ಬರುತ್ತದೆ ಎನ್ನುತ್ತಾರೆ. ಹಾಕಬಹುದಾ?
– ಸಕಲೇಶಪುರದ ಓದುಗರು

ಉತ್ತರ: ಬೇಡ. ಇಲ್ಲೂ ಬೇಡ, ಅಲ್ಲೂ ಬೇಡ. ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಳ್ಳುತ್ತದೆ. ಮೇವು ಬಿಟ್ಟು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಕಪ್ಪೆಬಾಯಿ ಇಡುವುದು ಒಂದೇ ಮೊಟ್ಟೆ. ಹಗಲು ಗಂಡು ಕಾವು ಕೊಡುತ್ತದೆ, ಒಣಗಿದ ಕೊಂಬೆಯ ಗಂಟಿನ ಹಾಗೆ ಅಲ್ಲಾಡದೆ ಕೂತಿರುತ್ತದೆ. ಅದು ಎದ್ದು ಹೋದರೆ ಆ ಮೊಟ್ಟೆ ಎಲ್ಲರ ಕಣ್ಣಿಗೂ ಬಿತ್ತು. ಫೆಬ್ರವರಿ, ಮಾರ್ಚ್ ಅದು ಮರಿ ಮಾಡುವ ಕಾಲ. ನೀವು ಹೋಗುವುದೂ ಆಗಲೇ. ನಮ್ಮ 1972ರ ವನ್ಯಜೀವಿ ಕಾಯ್ದೆ ಕಾಡು ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಕರೆಯುತ್ತದೆ. ಈ ಮಾತು ನಿಮ್ಮ ಸ್ನೇಹಿತರಿಗೂ ಹೇಳಿ.

ಸಿಂಹರಾಜದ ಗೈಡ್‌ಗಳಿಗೆ ಕಪ್ಪೆಬಾಯಿ ಹಗಲು ಮಲಗುವ ಜಾಗ ಗೊತ್ತಿರುತ್ತದೆ. ಗಂಡು ಬೂದು, ಹೆಣ್ಣು ಕೆಂಗಂದು, ಹೆಗಲಿಗೆ ಹೆಗಲು ತಾಗಿಸಿ ಕೂತಿರುತ್ತವೆ. ದೂರದಿಂದ, ಫ್ಲಾಶ್ ಇಲ್ಲದೆ, ಎರಡು ನಿಮಿಷ. ಆಮೇಲೆ ಹಿಂದೆ ಬನ್ನಿ, ಬೇರೆಯವರನ್ನೂ ಕರೆದುಕೊಂಡು ಬನ್ನಿ. ಗೈಡ್ ತಾನಾಗಿ ಮೊಬೈಲು ತೆಗೆದರೆ ನಮಗೆ ಬೇಡ ಎಂದು ನಗುತ್ತಲೇ ಹೇಳಿ. ಗಿರಾಕಿ ಬೇಡ ಎಂದರೆ ಅವರೂ ಬಿಡುತ್ತಾರೆ. ಇನ್ನೊಂದು, ಈ ಹಕ್ಕಿ ಶ್ರೀಲಂಕಾದ್ದು ಮಾತ್ರ ಅಲ್ಲ, ನಮ್ಮ ಪಶ್ಚಿಮ ಘಟ್ಟದ ದಟ್ಟ ಕಾಡಲ್ಲೂ ಇದೆ. ಫೋಟೊ ಹಾಕುವಾಗ ಎಲ್ಲಿ ಸಿಕ್ಕಿತು ಎಂದು ಜಾಗ ಬರೆಯಬೇಡಿ.

ಪ್ರಶ್ನೆ: ಟೀಚರ್, ನಾನು ಕಡೂರಿನ ಕಾಲೇಜು ವಿದ್ಯಾರ್ಥಿನಿ. ಎಲ್ಲರೂ ಹೊರದೇಶದ ಹಕ್ಕಿ ಪ್ರವಾಸದ ಮಾತಾಡುತ್ತಾರೆ. ನನ್ನ ಹತ್ತಿರ ಅಷ್ಟು ದುಡ್ಡಿಲ್ಲ. ನನ್ನಂಥವರು ಏನು ಮಾಡಬೇಕು?
– ಕಡೂರಿನ ಓದುಗರು

ಉತ್ತರ: ನೀನು ಈಗಾಗಲೇ ಉಷ್ಣವಲಯದ ದೇಶದಲ್ಲೇ ಇದ್ದೀಯ, ಪುಟ್ಟ. ಚಿಕ್ಕಮಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಮೇಲೆ. ಇಂಗ್ಲೆಂಡಿನವರು, ಜರ್ಮನಿಯವರು ವರ್ಷವಿಡೀ ದುಡ್ಡು ಕೂಡಿಟ್ಟು ನಮ್ಮ ಘಟ್ಟಕ್ಕೆ ಬರುತ್ತಾರೆ. ಅವರು ಹುಡುಕಿಕೊಂಡು ಬರುವ ಹಕ್ಕಿ ನಿನಗೆ ಬಸ್ಸಿನ ದೂರದಲ್ಲಿವೆ.

ನಿನ್ನ ತಾಲ್ಲೂಕಿನಲ್ಲೇ ಬಾಸೂರು ಅಮೃತ ಮಹಲ್ ಕಾವಲು ಇದೆ. 2011ರಲ್ಲಿ ಸಂರಕ್ಷಿತ ಪ್ರದೇಶ ಆಯಿತು. ಜನ ಅದನ್ನು ಖಾಲಿ ಹುಲ್ಲುಗಾವಲು ಅಂದುಕೊಂಡು ದಾಟಿ ಹೋಗುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಹ್ಯಾರಿಯರ್ ಗಿಡುಗಗಳನ್ನು ಹುಡುಕು. ಮಧ್ಯ ಏಷ್ಯಾದ ಕಡೆಯಿಂದ ಬಂದವು, ಹುಲ್ಲಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಮೇಲಕ್ಕೆ ಹಿಡಿದು ತೇಲುತ್ತವೆ. ಸಂಜೆ ಹುಲ್ಲಿನಲ್ಲೇ ಇಳಿದು ಮಲಗುತ್ತವೆ. ಮಳೆಕಾಡಿನ ಹಕ್ಕಿಗೆ ಗೈಡ್ ಬೇಕು, ಇದಕ್ಕೆ ಕಣ್ಣು ಸಾಕು. ಕೃಷ್ಣಮೃಗವೂ ಕಾಣುತ್ತದೆ. ಹುಲ್ಲಿನೊಳಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ ಅನುಮತಿ ತಗೋ, ಒಬ್ಬಳೇ ಹೋಗಬೇಡ. ಮದಗದ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ ಎರಡಕ್ಕೂ ತಿಂಗಳಿಗೊಮ್ಮೆ ಹೋಗಿ ಒಂದೇ ಜಾಗದಲ್ಲಿ ಕೂತು ಎಣಿಸು. ಬೇಸಿಗೆಯಲ್ಲಿ ಲಕ್ಕವಳ್ಳಿಗೆ ಹೋಗು. ಭದ್ರಾ ಹಿನ್ನೀರು ಇಳಿದಾಗ ಮೇಲೆದ್ದ ದ್ವೀಪಗಳ ಮೇಲೆ ರೀವ ಹಕ್ಕಿಗಳು ಬರೀ ನೆಲದಲ್ಲೇ ಮೊಟ್ಟೆ ಇಟ್ಟಿರುತ್ತವೆ. ದೋಣಿ ದೂರ ನಿಲ್ಲಿಸಿಯೇ ನೋಡಬೇಕು.

ದುರ್ಬೀನು ಇಲ್ಲದಿದ್ದರೆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೇಳು, ಬೀರುವಿನಲ್ಲಿ ಒಂದಾದರೂ ಇರುತ್ತದೆ. ಮೊಬೈಲಿಗೆ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹಾಕಿಕೋ, ಉಚಿತ. ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ. ಆದರೆ ಅದು ಹೇಳಿದ ಹೆಸರನ್ನು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳದೆ ಬರೆಯಬೇಡ. ಬಾಸೂರಿನಲ್ಲಿ ಏನೇನು ಕಂಡೆ ಎಂದು ತಾರೀಕು ಹಾಕಿ ಪಟ್ಟಿ ಕಳಿಸು, ಗುರುತು ಸಿಗದವನ್ನು ಒಟ್ಟಿಗೆ ಕೂತು ನೋಡೋಣ.